ಕಟ್ಟಿದ ಸಾಲ, ತೀರದ ಡಿಕ್ರಿ

(ಇಬ್ಬರ ಮಾತು ಇದು. ಒಬ್ಬರು ಸಿವಿಲ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಇನ್ನೊಬ್ಬ ಅವರ ಅಣ್ಣನ ಮಗ, ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಲು ಹೊರಟವನು.)

ಅಳಿಯ: ಅತ್ತೆ, ಬ್ಯಾಂಕಿನವರು ಲೋನ್ ಆಗಲ್ಲ ಅಂದುಬಿಟ್ಟರು. ಸಂಬಳ ಸಾಕಂತೆ, ಫ್ಲ್ಯಾಟಿನ ಕಾಗದಪತ್ರವೂ ಸರಿಯಿದೆಯಂತೆ. ನನ್ನ ಹೆಸರಿನ ಮೇಲೆ ಕೋರ್ಟ್ ಕೇಸಿದೆ ಅಂತಾರೆ. ನಾನು ಕೋರ್ಟಿನ ಮೆಟ್ಟಿಲು ಹತ್ತಿದವನೇ ಅಲ್ಲ.

ಅತ್ತೆ: ಹತ್ತದೇ ಇದ್ದದ್ದಕ್ಕೇ ಬಂದಿರುತ್ತೆ. ಕೇಸು ನಡೆಯೋಕೆ ಪ್ರತಿವಾದಿ ಬರಲೇಬೇಕು ಅಂತೇನಿಲ್ಲ. ಕ್ರೆಡಿಟ್ ರಿಪೋರ್ಟ್ ತಂದಿದ್ದೀಯಾ?

ಅಳಿಯ: ತಂದಿದ್ದೀನಿ. ಸ್ಕೋರು 640. ಇದೊಂದು ಖಾತೆ ನೋಡಿ, ನಾಲ್ಕು ಲಕ್ಷದ್ದು. ನಾನು ತೆಗೆದುಕೊಂಡ ಸಾಲವೇ ಅಲ್ಲ ಇದು.

ಅತ್ತೆ: ಪಕ್ಕದಲ್ಲಿ ಏನು ಬರೆದಿದ್ದಾರೆ ಓದು. ‘ಗ್ಯಾರಂಟರ್’. ಕೆಳಗೆ ‘ಸೂಟ್ ಫೈಲ್ಡ್’. ಅದರ ಕೆಳಗೆ ‘ಪೋಸ್ಟ್ ರೈಟನ್ ಆಫ್ ಸೆಟಲ್ಡ್’. ಯಾರಿಗೆ ಜಾಮೀನು ಹಾಕಿದ್ದೆ?

ಅಳಿಯ: ಹಾಸ್ಟೆಲಿನ ಗೆಳೆಯ. 2012ರಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿದ. ಬರೀ ಸಹಿ, ಫಾರ್ಮಾಲಿಟಿ ಅಷ್ಟೇ ಅಂದ. ಅಂಗಡಿ ಮುಳುಗಿತು. 2019ರಲ್ಲಿ ಬಂದು, ಬ್ಯಾಂಕಿನವರು ಒಟಿಎಸ್‌ಗೆ, ಅಂದರೆ ಒಂದೇ ಸಲ ಕಟ್ಟಿ ಮುಗಿಸೋ ಒಪ್ಪಂದಕ್ಕೆ, ಒಪ್ಪಿದ್ದಾರೆ, ಒಂದೂವರೆ ಲಕ್ಷ ನೀನು ಹಾಕು, ಉಳಿದದ್ದು ನಾನು ಹಾಕುತ್ತೀನಿ ಅಂದ. ಕೊಟ್ಟೆ. ‘ಬಾಕಿ ಇಲ್ಲ’ ಅಂತ ಪತ್ರವೂ ಬಂತು. ಇದೇ ನೋಡಿ.

ಅತ್ತೆ: ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಇರಲಿ, ಪತ್ರ ಇಟ್ಟುಕೊಂಡಿದ್ದೀಯಲ್ಲ, ಅದೇ ಪುಣ್ಯ. ಇದರ ಮೇಲ್ಗಡೆ ‘ಉಲ್ಲೇಖ’ ಅಂತ ಒಂದು ಸಾಲಿದೆ, ಓದಿದ್ದೀಯಾ?

ಅಳಿಯ: ಸಾಲದ ಖಾತೆ ನಂಬರು… ಆಮೇಲೆ ‘ಓ.ಎಸ್.’ ಅಂತ ಏನೋ ಒಂದು ನಂಬರು, 2014.

ಅತ್ತೆ: ಅದೇ ನಿನ್ನ ಕೇಸು. ಓ.ಎಸ್. ಅಂದರೆ ಅಸಲು ದಾವೆ. ಇಪ್ಪತ್ತು ಲಕ್ಷದಿಂದ ಮೇಲಿನ ಬ್ಯಾಂಕ್ ಸಾಲ ಡಿ.ಆರ್.ಟಿ.ಗೆ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಹೋಗುತ್ತೆ, ಅದಕ್ಕಿಂತ ಕಮ್ಮಿಯದು ನಮ್ಮಂಥ ಸಿವಿಲ್ ಕೋರ್ಟಿಗೆ ಬರುತ್ತೆ. ಫೋನ್ ಕೊಡು ಇಲ್ಲಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಜಿಲ್ಲೆ, ಕೋರ್ಟು, ಕೇಸ್ ನಂಬರು, ವರ್ಷ ಹಾಕಿದರೆ ಸಾಕು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇದಕ್ಕೇ ರಿಜಿಸ್ಟರ್ ತಿರುವಿ ಹಾಕಬೇಕಿತ್ತು… ಬಂತು ನೋಡು. ಒಂದನೇ ಪ್ರತಿವಾದಿ ನಿನ್ನ ಗೆಳೆಯ, ಎರಡನೆಯವನು ನೀನು. 2016ರಲ್ಲಿ ಡಿಕ್ರಿ ಆಗಿದೆ. ಎಕ್ಸ್‌ಪಾರ್ಟಿ, ಅಂದರೆ ನಿಮ್ಮ ಗೈರಿನಲ್ಲಿ.

ಅಳಿಯ: ನನಗೆ ಸಮನ್ಸೇ ಬಂದಿಲ್ಲ!

ಅತ್ತೆ: ಸಾಲದ ಕಾಗದದಲ್ಲಿ ಯಾವ ವಿಳಾಸ ಕೊಟ್ಟಿದ್ದೆ?

ಅಳಿಯ: ಆಗಿನ ಬಾಡಿಗೆ ಮನೆ. ಮುಂದಿನ ವರ್ಷವೇ ಬಿಟ್ಟೆ.

ಅತ್ತೆ: ಅಮೀನ ಅಲ್ಲಿಗೆ ಹೋಗಿರುತ್ತಾನೆ. ‘ಈ ವಿಳಾಸದಲ್ಲಿ ಇಲ್ಲ’ ಅಂತ ಷರಾ ಬರೆದು ವಾಪಸ್ ತಂದಿರುತ್ತಾನೆ. ಆಮೇಲೆ ಬ್ಯಾಂಕಿನ ವಕೀಲರು ಬಾಗಿಲಿಗೆ ಅಂಟಿಸೋಕೋ ಪೇಪರಿನಲ್ಲಿ ಹಾಕಿಸೋಕೋ ಅನುಮತಿ ಕೇಳಿರುತ್ತಾರೆ. ಅದಾದ ಮೇಲೂ ನೀನು ಬರಲಿಲ್ಲ, ಕೂಗಿಸಿದರು, ಗೈರು ಅಂತ ಬರೆದುಕೊಂಡರು. ಬ್ಯಾಂಕ್ ಮ್ಯಾನೇಜರ್ ಒಬ್ಬರು ಬಂದು ಸಾಕ್ಷಿ ಹೇಳಿ, ಸಾಲಪತ್ರ, ಖಾತೆ ಎಕ್ಸ್‌ಟ್ರಾಕ್ಟ್ ಗುರುತು ಮಾಡಿಸಿದರೆ ಮುಗಿಯಿತು. ಇಂಥ ದಾವೆಗಳ ಕಟ್ಟನ್ನೇ ನಾವು ನೋಡಿದ್ದೀವಿ. ಸಾಲಗಾರನೂ ಬರಲ್ಲ, ಜಾಮೀನುದಾರನೂ ಬರಲ್ಲ.

ಅಳಿಯ: ಆದರೂ ಮೊದಲು ಅವನ ಹತ್ತಿರ ವಸೂಲು ಮಾಡಿ, ಆಗದಿದ್ದರೆ ತಾನೇ ನನ್ನ ಹತ್ತಿರ ಬರಬೇಕು?

ಅತ್ತೆ: ಎಲ್ಲರೂ ಹಾಗೇ ತಿಳಿದಿರುತ್ತಾರೆ. 1872ರ ಕರಾರು ಕಾಯಿದೆಯ 128ನೇ ಕಲಮಿನಲ್ಲಿ ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಯೂ ಸಮಸಮ. ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಬೇರೆ, ಯಾವ ಬ್ಯಾಂಕೂ ಹಾಗೆ ಬರೆಯಲ್ಲ. ಡಿಕ್ರಿಯಲ್ಲಿ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಅಂತ ಇರುತ್ತೆ. ಬ್ಯಾಂಕು ಅವನನ್ನು ಮುಟ್ಟದೆ ನೇರ ನಿನ್ನ ಸಂಬಳಕ್ಕೇ ಕೈ ಹಾಕಬಹುದಿತ್ತು. ಸಾವಿರ ರೂಪಾಯಿ ಬಿಟ್ಟು, ಉಳಿದದ್ದರಲ್ಲಿ ಮೂರನೇ ಒಂದು ಭಾಗ ಜಪ್ತಿ ಮಾಡಿಸಬಹುದು. ಆ ಸಾವಿರ ಅನ್ನೋದು ಯಾವ ಕಾಲದ ಲೆಕ್ಕವೋ, ಈಗಲೂ ಕಾಯಿದೆಯಲ್ಲಿ ಹಾಗೇ ಕೂತಿದೆ.

ಅಳಿಯ: ಜೈಲಿಗೂ ಹಾಕಿಸಬಹುದಿತ್ತೇನೋ!

ಅತ್ತೆ: ಸಿವಿಲ್ ಕಾರಾಗೃಹ ಅಂತ ಕಾಯಿದೆಯಲ್ಲಿದೆ. ಆದರೆ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಅನ್ನುವವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೈಯಲ್ಲಿ ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಒಳಗೆ ಹಾಕಕೂಡದು, ಇದ್ದೂ ಕೊಡದೆ ಮೋಸ ಮಾಡಿದರೆ ಮಾತ್ರ ಅಂತ ಹೇಳಿತು. ಅದೂ ಬ್ಯಾಂಕಿನ ಡಿಕ್ರಿಯೇ. ಆ ಭಯ ಬಿಡು. ನಿನ್ನ ಕಥೆಯಲ್ಲಿ ಅದಕ್ಕಿಂತ ದೊಡ್ಡ ತೊಡಕೊಂದಿದೆ. ಇಲ್ಲಿ ಕೆಳಗೆ ನೋಡು, ‘ಇ.ಪಿ.’ ಅಂತ.

ಅಳಿಯ: ‘ಡಿಸ್ಮಿಸ್ಡ್ ಫಾರ್ ನಾನ್ ಪ್ರಾಸಿಕ್ಯೂಷನ್’ ಅಂತಿದೆ. ಡಿಸ್ಮಿಸ್ ಆಯಿತಲ್ಲ! ಅಂದರೆ ಕೇಸು ಮುಗಿಯಿತು ಅಂತ ತಾನೇ?

ಅತ್ತೆ: ಇಲ್ಲೇ ಎಲ್ಲರೂ ಎಡವೋದು. ಡಿಕ್ರಿ ಅನ್ನೋದು ಬರೀ ತೀರ್ಪು, ಅದನ್ನು ಜಾರಿ ಮಾಡಿಸೋಕೆ ಡಿಕ್ರಿದಾರರು ಬೇರೆಯಾಗಿ ಅಮಲ್ಜಾರಿ ಅರ್ಜಿ ಹಾಕಬೇಕು. ಅದಕ್ಕೆ ಇ.ಪಿ. ಅಂತೀವಿ. ನಿಮ್ಮ ಬ್ಯಾಂಕು 2018ರಲ್ಲಿ ಹಾಕಿದೆ, 2019ರಲ್ಲಿ ನೀವು ಹಣ ಕಟ್ಟಿದಿರಿ, ಆಮೇಲೆ ಅವರ ವಕೀಲರು ಕೋರ್ಟಿಗೆ ಬರೋದನ್ನೇ ನಿಲ್ಲಿಸಿದರು. ಹಣ ಬಂತು ಅಂತ ಒಂದು ಮೆಮೊ ಕೂಡ ಕೊಡಲಿಲ್ಲ. ಅರ್ಜಿ ಹಾಕಿದವರೇ ಬರದಿದ್ದರೆ ಕೋರ್ಟೇನು ಮಾಡುತ್ತೆ? ಅರ್ಜಿ ವಜಾ ಮಾಡುತ್ತೆ. ವಜಾ ಆಗಿದ್ದು ಅರ್ಜಿ. ಡಿಕ್ರಿಗೆ ಏನೂ ಆಗಿಲ್ಲ. ನಾಳೆ ಬ್ಯಾಂಕಿಗೆ ಬೇಕು ಅನ್ನಿಸಿದರೆ ಹೊಸ ಇ.ಪಿ. ಹಾಕಬಹುದು.

ಅಳಿಯ: ಹಣ ತೆಗೆದುಕೊಂಡ ಮೇಲೂ?

ಅತ್ತೆ: ಹಾಕಬಾರದು. ಹಾಕಿದರೆ ನೀನು ಏನು ತೋರಿಸುತ್ತೀಯ?

ಅಳಿಯ: ಈ ಪತ್ರ. ‘ಬಾಕಿ ಇಲ್ಲ’ ಅಂತ ಸೀಲು, ಸಹಿ ಎಲ್ಲ ಇದೆಯಲ್ಲ.

ಅತ್ತೆ: ಸಿವಿಲ್ ಪ್ರಕ್ರಿಯಾ ಸಂಹಿತೆ, 21ನೇ ಆದೇಶ, 2ನೇ ನಿಯಮ. ಈ ನಿಯಮ ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತೆ. ಡಿಕ್ರಿ ಹಣ ಕೋರ್ಟಿನ ಹೊರಗೆ ಸಂದಾಯವಾದರೆ, ಸಂದಿದೆ ಅಂತ ಡಿಕ್ರಿದಾರರು ಕೋರ್ಟಿಗೆ ತಿಳಿಸಬೇಕು, ಕೋರ್ಟು ಅದನ್ನು ದಾಖಲು ಮಾಡಿಕೊಳ್ಳಬೇಕು. ಹಾಗೆ ದಾಖಲಾಗದ ಪಾವತಿಯನ್ನು ಅಮಲ್ಜಾರಿ ಮಾಡುವ ಕೋರ್ಟು ಪರಿಗಣಿಸುವ ಹಾಗಿಲ್ಲ. ನೀನು ಹಣ ಕಟ್ಟಿದ್ದು ಸತ್ಯ, ಬ್ಯಾಂಕು ಇಸಿದುಕೊಂಡಿದ್ದು ಸತ್ಯ. ಆದರೂ ಕೋರ್ಟಿನ ಲೆಕ್ಕದಲ್ಲಿ ನೀನಿನ್ನೂ ಬಾಕಿದಾರ.

ಅಳಿಯ: ಇದು ಅನ್ಯಾಯ ಅಲ್ವಾ ಅತ್ತೆ?

ಅತ್ತೆ: ನಿನ್ನ ಕಡೆಯಿಂದ ನೋಡಿದರೆ ಅನ್ಯಾಯವೇ. ನಮ್ಮ ಕಡೆಯಿಂದ ನೋಡು. ಹಳೇ ಕಾಲದಲ್ಲಿ ಸಾಹುಕಾರರ ಡಿಕ್ರಿ ಬರುತ್ತಿತ್ತು. ಪ್ರತಿ ಇ.ಪಿ.ಯಲ್ಲೂ ಸಾಲಗಾರ ‘ಕೊಟ್ಟಿದ್ದೀನಿ ಸ್ವಾಮಿ’ ಅನ್ನೋನು, ಸಾಹುಕಾರ ‘ಕೊಟ್ಟಿಲ್ಲ’ ಅನ್ನೋನು. ಅದನ್ನೆಲ್ಲ ಮತ್ತೆ ವಿಚಾರಣೆ ಮಾಡುತ್ತ ಕೂತರೆ ಡಿಕ್ರಿ ಅನ್ನೋದಕ್ಕೆ ಅರ್ಥವೇ ಇರಲ್ಲ. ಅದಕ್ಕೇ ಕಾಯಿದೆ, ಕೊಟ್ಟಿದ್ದರೆ ಆಗಲೇ ಬಂದು ಬರೆಸಿ ಅನ್ನುತ್ತೆ. ಬರೆಸೋ ಅವಕಾಶ ಸಾಲಗಾರನಿಗೂ ಇದೆ. ಡಿಕ್ರಿದಾರ ತಿಳಿಸದಿದ್ದರೆ ತಾನೇ ಅರ್ಜಿ ಹಾಕಿ ಅವನಿಗೆ ನೋಟಿಸ್ ಕೊಡಿಸಬಹುದು, ಬಾಯಿಮಾತಿಗೆ ಮಾತ್ರ ಬೆಲೆಯಿಲ್ಲ, ಕಾಗದ ಇರಬೇಕು.

ಅಳಿಯ: ಕಾಗದ ಇದೆಯಲ್ಲ, ಇವತ್ತೇ ಅರ್ಜಿ ಹಾಕೋಣ.

ಅತ್ತೆ: ಅದಕ್ಕೆ ಕಾಲಮಿತಿ 30 ದಿನ. ಹಣ ಕಟ್ಟಿದ ದಿನದಿಂದ.

ಅಳಿಯ: 2019ರಿಂದ!

ಅತ್ತೆ: ಬಾಯಿ ಒಣಗಿಸಿಕೊಳ್ಳಬೇಡ. 30 ದಿನ ಸಾಲಗಾರನ ಅರ್ಜಿಗೆ ಮಾತ್ರ. ಡಿಕ್ರಿದಾರ ತಾನಾಗಿ ಬಂದು ‘ನನಗೆ ಪೂರ್ತಿ ಸಂದಿದೆ’ ಅಂತ ತಿಳಿಸೋಕೆ ಗಡುವಿಲ್ಲ. ಹಾಗಾಗಿ ನಿನ್ನ ಬೀಗದ ಕೈ ಬ್ಯಾಂಕಿನ ಹತ್ತಿರ ಇದೆ. ಅವರ ಪ್ಯಾನೆಲ್ ವಕೀಲರ ಕೈಯಲ್ಲಿ ‘ಫುಲ್ ಸ್ಯಾಟಿಸ್ಫ್ಯಾಕ್ಷನ್ ಮೆಮೊ’ ಹಾಕಿಸಬೇಕು. ಪೂರ್ತಿ ಸಂದಾಯದ ಮೆಮೊ. ಜಡ್ಜ್ ಸಾಹೇಬರು ನೋಡಿ ಡಿಕ್ರಿ ಪೂರ್ಣ ತೀರಿದೆ ಅಂತ ದಾಖಲು ಮಾಡಿಸುತ್ತಾರೆ. ಆ ಆದೇಶದ ಸರ್ಟಿಫೈಡ್ ಕಾಪಿ ತೆಗೆಸಿದ ದಿನ ನಿನ್ನ ಡಿಕ್ರಿ ತೀರುತ್ತೆ, ಅಲ್ಲಿಯವರೆಗೂ ಇಲ್ಲ.

ಅಳಿಯ: ನಮ್ಮ ಆಫೀಸಿನ ಒಬ್ಬರು ಇನ್ನೊಂದು ದಾರಿ ಹೇಳಿದರು. ಎಕ್ಸ್‌ಪಾರ್ಟಿ ಡಿಕ್ರಿಯನ್ನೇ ರದ್ದು ಮಾಡಿಸಿಬಿಡು ಅಂತ.

ಅತ್ತೆ: ಅದೇ ಸಂಹಿತೆಯ 9ನೇ ಆದೇಶ, 13ನೇ ನಿಯಮ. ದಾರಿ ಇದೆ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಡಿಕ್ರಿ ಗೊತ್ತಾದ ದಿನದಿಂದ 30 ದಿನ ಸಿಗುತ್ತೆ. ಬಾಗಿಲಿಗೆ ಅಂಟಿಸಿದ್ದನ್ನೂ ಪೇಪರಿನಲ್ಲಿ ಹಾಕಿಸಿದ್ದನ್ನೂ ಸರಿಯಾದ ಜಾರಿ ಅಂತ ಆ ಗಡುವಿನ ಲೆಕ್ಕಕ್ಕೆ ಹಿಡಿಯಬಾರದು ಅಂತ ಕಾಲಮಿತಿ ಕಾಯಿದೆಯಲ್ಲೇ ವಿವರಣೆ ಇದೆ. ಒಳ್ಳೆಯ ರಕ್ಷಣೆ ಅದು, ಎಷ್ಟೋ ಜನರಿಗೆ ನ್ಯಾಯ ಸಿಕ್ಕಿದ್ದು ಅದರಿಂದಲೇ. ಆದರೆ ನಿನ್ನ ಒಟಿಎಸ್ ಪತ್ರದಲ್ಲೇ ದಾವೆ ನಂಬರಿದೆ. 2019ರಲ್ಲೇ ಗೊತ್ತಿತ್ತಲ್ಲ ಅಂತ ಬ್ಯಾಂಕಿನ ವಕೀಲರು ಕೇಳಿದರೆ ಏನನ್ನುತ್ತೀಯ? ಅದೂ ಇರಲಿ, ರದ್ದಾದರೆ ಏನಾಗುತ್ತೆ? ದಾವೆ ಮತ್ತೆ ಜೀವ ಪಡೆದು ಎದ್ದು ಕೂರುತ್ತೆ. ನಿನಗೆ ಬೇಕಾಗಿರೋದು ಮನೆ. ವಿಚಾರಣೆಯಲ್ಲಿರೋ ದಾವೆ ಹೆಗಲ ಮೇಲಿರೋವರಿಗೆ ಯಾವ ಬ್ಯಾಂಕು ಸಾಲ ಕೊಡುತ್ತೆ? ಸಹಿ ನನ್ನದಲ್ಲ, ಸಾಲ ನನ್ನದಲ್ಲ ಅನ್ನೋರು ಆ ದಾರಿ ಹಿಡಿಯಬೇಕು. ನೀನು ಸಹಿ ಹಾಕಿದ್ದೀಯ, ಹಣವನ್ನೂ ಕಟ್ಟಿದ್ದೀಯ. ಜಗಳಕ್ಕೆ ಏನೂ ಉಳಿದಿಲ್ಲ, ದಾಖಲೆ ಮಾತ್ರ ಉಳಿದಿದೆ.

ಅಳಿಯ: ಹಾಗಾದರೆ ಸುಮ್ಮನೆ ಕಾಯೋದು? ಡಿಕ್ರಿಗೂ ಆಯುಸ್ಸು ಇರುತ್ತಲ್ಲ.

ಅತ್ತೆ: ಹನ್ನೆರಡು ವರ್ಷ. ನಿನ್ನದು 2028ರವರೆಗೆ ಬದುಕಿರುತ್ತೆ. ಅಷ್ಟರೊಳಗೆ ಇ.ಪಿ. ಹಾಕಿದರೆ ಆ ಅರ್ಜಿ ಮುಗಿಯೋ ತನಕ ಎಳೆಯುತ್ತೆ. ಇನ್ನೊಂದು ವಿಷಯ, ಡಿಕ್ರಿಗೆ ಕಾಲ ಮುಗಿದರೂ ನಿನ್ನ ರಿಪೋರ್ಟಿನಲ್ಲಿರೋ ‘ಸೂಟ್ ಫೈಲ್ಡ್’ ತಾನಾಗಿ ಅಳಿಸಿಹೋಗಲ್ಲ. ಅದನ್ನು ಬರೆದಿದ್ದು ಕೋರ್ಟಲ್ಲ.

ಅಳಿಯ: ಮತ್ತೆ? ಕೋರ್ಟಿನಿಂದ ಸಿಬಿಲ್‌ಗೆ, ಅಂದರೆ ಕ್ರೆಡಿಟ್ ಬ್ಯೂರೋಗೆ, ಹೋಗಿರೋದಲ್ವಾ?

ಅತ್ತೆ: ಇಲ್ಲ ಕಣೋ. ನಮ್ಮ ಕೋರ್ಟಿನಿಂದ ಯಾವ ಕಾಗದವೂ ಸಿಬಿಲ್‌ಗೆ ಹೋಗಿದ್ದನ್ನು ನಾನು ಕಂಡಿಲ್ಲ. ಸಾಲ ಕೊಟ್ಟ ಬ್ಯಾಂಕು ತನ್ನ ಖಾತೆಯ ವಿವರ ಕಳಿಸುವಾಗ, ‘ದಾವೆ ಹೂಡಿದ್ದೇವೆ’ ಅನ್ನುವ ಕಾಲಮ್ಮಿನಲ್ಲಿ ಒಂದು ಗುರುತು ಹಾಕಿ ಕಳಿಸುತ್ತೆ. ಬ್ಯೂರೋ ಅದನ್ನು ಹಾಗೇ ತೋರಿಸುತ್ತೆ. ಒಟಿಎಸ್ ಆದ ಮೇಲೆ ಬ್ಯಾಂಕು ‘ಸೆಟಲ್ಡ್’ ಅಂತ ಬದಲಾಯಿಸಿತು, ದಾವೆಯ ಗುರುತು ತೆಗೆಯೋದನ್ನು ಮರೆತಿತು. ಕೋರ್ಟಿನ ಡಿಕ್ರಿ ಒಂದು ಕಡೆ, ಬ್ಯಾಂಕಿನ ಲೆಡ್ಜರ್ ಒಂದು ಕಡೆ, ಬ್ಯೂರೋದ ರಿಪೋರ್ಟ್ ಒಂದು ಕಡೆ. ಈ ಮೂವರೂ ಒಬ್ಬರಿಗೊಬ್ಬರು ತಾವಾಗಿ ಹೇಳಿಕೊಳ್ಳಲ್ಲ. ಒಬ್ಬರ ಕಾಗದ ಇನ್ನೊಬ್ಬರಿಗೆ ಹೊತ್ತು ಮುಟ್ಟಿಸೋದು ನಿನ್ನ ಕೆಲಸ. ಅದಕ್ಕೆ ಕೂಲಿಯಿಲ್ಲ.

ಅಳಿಯ: ಏಳು ವರ್ಷ ಆದರೆ ರಿಪೋರ್ಟಿನಿಂದ ಹೋಗುತ್ತೆ ಅಂತಾರಲ್ಲ?

ಅತ್ತೆ: ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕು ಅಂತ ನಿಯಮ. ಕನಿಷ್ಠ. ಏಳು ಆದ ಮರುದಿನ ಅಳಿಸಲೇಬೇಕು ಅಂತ ಅಲ್ಲ. ಅಮೆರಿಕದ ಮಾತು ಕೇಳಿ ಇಲ್ಲಿಯ ಲೆಕ್ಕ ಹಾಕಬಾರದು.

ಅಳಿಯ: ನ್ಯೂಜೆರ್ಸಿಯಲ್ಲಿರೋ ಅಕ್ಕನೂ ಇದನ್ನೇ ಹೇಳಿದಳು. ಅಲ್ಲಿ ಕೋರ್ಟ್ ಜಡ್ಜ್‌ಮೆಂಟುಗಳು ಕ್ರೆಡಿಟ್ ರಿಪೋರ್ಟಿನಲ್ಲಿ ಬರೋದೇ ಇಲ್ಲವಂತೆ ಈಗ.

ಅತ್ತೆ: 2017ರ ಜುಲೈಯಿಂದ ಅಲ್ಲಿಯ ಮೂರೂ ದೊಡ್ಡ ಬ್ಯೂರೋಗಳು ಸಿವಿಲ್ ತೀರ್ಪು ತೋರಿಸೋದನ್ನು ನಿಲ್ಲಿಸಿದವು, ನಿಜ. ಹೆಸರು, ವಿಳಾಸ ಸರಿಯಾಗಿ ಹೊಂದದೆ ಯಾರದೋ ಕೇಸು ಯಾರಿಗೋ ಅಂಟಿಕೊಳ್ಳುತ್ತಿತ್ತು. ಆದರೆ ಅವಳನ್ನು ಕೇಳಿನೋಡು, ಮನೆ ಕೊಳ್ಳುವಾಗ ಟೈಟಲ್ ಕಂಪನಿಯವರು ಜಡ್ಜ್‌ಮೆಂಟ್ ಹುಡುಕಿದ್ದರೋ ಇಲ್ಲವೋ ಅಂತ. ನ್ಯೂಜೆರ್ಸಿಯಲ್ಲಿ ಸುಪೀರಿಯರ್ ಕೋರ್ಟಿನ ದಾಖಲೆಗೆ ಸೇರಿದ ಹಣದ ತೀರ್ಪು ಇಡೀ ರಾಜ್ಯದಲ್ಲಿ ನಿನ್ನ ಹೆಸರಿನ ಸ್ಥಿರಾಸ್ತಿಯ ಮೇಲೆ ಇಪ್ಪತ್ತು ವರ್ಷ ಋಣಭಾರವಾಗಿ ಕೂರುತ್ತೆ. ಹಣ ಕಟ್ಟಿದ ಮೇಲೆ ಸಾಲ ಕೊಟ್ಟವರಿಂದ ‘ವಾರಂಟ್ ಟು ಸ್ಯಾಟಿಸ್ಫೈ ಜಡ್ಜ್‌ಮೆಂಟ್’ ಅನ್ನುವ ಕಾಗದ ಬರೆಸಿ ಕೋರ್ಟಿಗೆ ಹಾಕಿಸಬೇಕು. ನಮ್ಮ ಮೆಮೊದ ಕೆಲಸವೇ ಅದು. ರಿಪೋರ್ಟಿನಲ್ಲಿ ಕಾಣಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ.

ಅಳಿಯ: ನಮ್ಮಲ್ಲೂ ಹಾಗೇ ಆಸ್ತಿ ಮೇಲೆ ಕೂರುತ್ತಾ?

ಅತ್ತೆ: ಇಲ್ಲಿ ಬರೀ ಹಣದ ಡಿಕ್ರಿ ತಾನಾಗಿ ಆಸ್ತಿಗೆ ಅಂಟಿಕೊಳ್ಳಲ್ಲ. ಡಿಕ್ರಿದಾರ ಇ.ಪಿ. ಹಾಕಿ, ಇಂಥ ಸ್ವತ್ತು ಅಂತ ಷೆಡ್ಯೂಲ್ ಕೊಟ್ಟು, ಕೋರ್ಟು ಜಪ್ತಿ ಆದೇಶ ಮಾಡಬೇಕು. ಜಪ್ತಿ ಆದ ಮೇಲೆ ನೀನು ಅದನ್ನು ಯಾರಿಗೆ ಮಾರಿದರೂ ಡಿಕ್ರಿದಾರನ ಹಕ್ಕಿನ ಮುಂದೆ ಆ ಕ್ರಯ ನಿಲ್ಲಲ್ಲ. ಈಗ ನಿನ್ನ ವಿಷಯಕ್ಕೆ ಬಾ. ಇಲ್ಲಿಯವರೆಗೂ ನಿನ್ನ ಹೆಸರಿನಲ್ಲಿ ಏನೂ ಇರಲಿಲ್ಲ. ಫ್ಲ್ಯಾಟ್ ರಿಜಿಸ್ಟ್ರಿ ಆದ ದಿನದಿಂದ ಜಪ್ತಿ ಮಾಡಿಸೋಕೆ ಒಂದು ಸ್ವತ್ತು ಸಿಕ್ಕಿತು ಅಂತ ಆಗುತ್ತೆ. ವಾಸದ ಮನೆ ಅಂತ ಬಿಡಲ್ಲ. ರೈತರದ್ದು, ಕೂಲಿಯವರದ್ದು, ಮನೆಗೆಲಸದವರದ್ದು ಆದರೆ ಅವರು ವಾಸವಿರೋ ಮನೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ವಿನಾಯಿತಿ ಇದೆ. ಸಾಫ್ಟ್‌ವೇರಿನವರಿಗೆ ಇಲ್ಲ. ನಿನಗೆ ಸಾಲ ಕೊಡೋ ಬ್ಯಾಂಕಿನ ಲೀಗಲ್ ಅಡ್ವೈಸರ್ ಹೆದರೋದು ಸ್ಕೋರಿಗಲ್ಲ, ಇದಕ್ಕೆ.

ಅಳಿಯ: ಒಬ್ಬ ಏಜೆಂಟು ಫೋನ್ ಮಾಡಿದ್ದ. ಇಪ್ಪತ್ತೈದು ಸಾವಿರ ಕೊಟ್ಟರೆ ತಿಂಗಳಲ್ಲಿ ಸಿಬಿಲ್ ಕ್ಲೀನ್ ಮಾಡಿಸಿಕೊಡುತ್ತೀನಿ ಅಂದ.

ಅತ್ತೆ: ದುಡ್ಡು ಕೊಟ್ಟಿಲ್ಲ ತಾನೇ? ಸದ್ಯ. ಸಾಲ ಕೊಟ್ಟ ಸಂಸ್ಥೆ ಒಪ್ಪದೆ ಬ್ಯೂರೋದವರು ಒಂದಕ್ಷರ ತಿದ್ದೋ ಹಾಗಿಲ್ಲ. ಕ್ರೆಡಿಟ್ ಬ್ಯೂರೋಗಳ 2005ರ ಕಾಯಿದೆಯೇ ಹಾಗಿದೆ. ಆ ಏಜೆಂಟು ಮಾಡೋದೆಲ್ಲ ನಿನ್ನ ಹೆಸರಿನಲ್ಲಿ ಆನ್‌ಲೈನಿನಲ್ಲಿ ಒಂದು ತಕರಾರು ಹಾಕೋದು. ಅದನ್ನು ನೀನೇ ಪುಕ್ಕಟೆ ಹಾಕಬಹುದು. ಅವನ ಕೈಗೆ ಪ್ಯಾನ್, ಆಧಾರ್, ಓಟಿಪಿ ಎಲ್ಲ ಕೊಟ್ಟು ಇನ್ನೊಂದು ತಲೆನೋವು ತಂದುಕೊಳ್ಳಬೇಡ.

ಅಳಿಯ: ಸರಿ, ಮೊದಲು ಆ ತಕರಾರೇ ಹಾಕಲಾ? ಕೋರ್ಟಿಗಿಂತ ಸುಲಭ ಅನ್ನಿಸುತ್ತೆ.

ಅತ್ತೆ: ಸುಲಭ ಅಂತಲೇ ಎಲ್ಲರೂ ಅಲ್ಲಿಂದ ಶುರು ಮಾಡೋದು, ವಾಪಸ್ ಬರೋದು. ಬ್ಯೂರೋ ನಿನ್ನ ತಕರಾರನ್ನು ಬ್ಯಾಂಕಿಗೆ ಕಳಿಸುತ್ತೆ. ಬ್ಯಾಂಕಿನವರು ಫೈಲು ನೋಡುತ್ತಾರೆ. ದಾವೆ ಹೂಡಿದ್ದು ಹೌದು, ಡಿಕ್ರಿ ಆಗಿದ್ದು ಹೌದು, ಮುಗಿದಿದೆ ಅನ್ನೋ ಕೋರ್ಟಿನ ಕಾಗದ ಇಲ್ಲ. ‘ಮಾಹಿತಿ ಸರಿಯಿದೆ’ ಅಂತ ಉತ್ತರ ಕೊಡುತ್ತಾರೆ. ಆಮೇಲೆ ನೀನು ನಿಜವಾದ ಕಾಗದ ಹಿಡಿದು ಹೋದಾಗ, ಇದು ಆಗಲೇ ಪರಿಶೀಲಿಸಿ ಮುಗಿಸಿದ ದೂರು ಅಂತ ಮುಖ ತಿರುಗಿಸುತ್ತಾರೆ. ಮೊದಲು ಕೋರ್ಟು. ಆಮೇಲೆ ಬ್ಯಾಂಕಿನ ಲೆಡ್ಜರ್. ಬ್ಯೂರೋ ಕೊನೆಗೆ.

ಅಳಿಯ: ಕೋರ್ಟಿನಲ್ಲಿ ಏನೇನು ತೆಗೆಸಬೇಕು?

ಅತ್ತೆ: ಡಿಕ್ರಿ ಕಾಪಿ, ಇ.ಪಿ.ಯ ಆರ್ಡರ್ ಶೀಟು. ಕಾಪಿ ಸೆಕ್ಷನ್ನಿನಲ್ಲಿ ಅರ್ಜಿ ಕೊಡು. ಹಳೇ ಫೈಲು ರೆಕಾರ್ಡ್ ರೂಮಿನಲ್ಲಿರುತ್ತೆ, ಅಲ್ಲಿಂದ ತರಿಸೋಕೆ ಸ್ವಲ್ಪ ದಿನ ಹಿಡಿಯುತ್ತೆ. ಅಲ್ಲಿ ಸಿಡುಕಬೇಡ, ಅವರ ಮೇಜಿನ ಮೇಲೆ ನಿನ್ನ ಹಾಗೆ ಎಷ್ಟೋ ಜನರ ಅರ್ಜಿ ಇರುತ್ತೆ. ಡಿಕ್ರಿ ಕೈಗೆ ಬಂದ ಮೇಲೆ ಒಂದು ಲೆಕ್ಕ ಹಾಕು. ಅಸಲು ಎಷ್ಟು, ಡಿಕ್ರಿ ದಿನದಿಂದ ಬಡ್ಡಿ ಎಷ್ಟು ಅಂತ ಬರೆದಿದ್ದಾರೆ. ಸಾಮಾನ್ಯವಾಗಿ ನೂರಕ್ಕೆ ಆರು, ವ್ಯಾಪಾರದ ಸಾಲ ಅಂದರೆ ಕೋರ್ಟು ಕರಾರಿನ ದರವನ್ನೇ ಕೊಡಬಹುದು. ದಾವೆ ಖರ್ಚು ಎಷ್ಟು. ಒಟ್ಟು ಡಿಕ್ರಿ ಮೊತ್ತಕ್ಕೂ ಒಟಿಎಸ್‌ನಲ್ಲಿ ಕಟ್ಟಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಿರಬೇಕು. ಯಾಕೆ ಅಂದರೆ ಬ್ಯಾಂಕಿಗೆ ಬರೆಯೋ ಪತ್ರದಲ್ಲಿ ಅದನ್ನು ಮುಚ್ಚಿಡೋಕಾಗಲ್ಲ. ‘ಉಳಿದದ್ದನ್ನು ಬಿಟ್ಟುಕೊಟ್ಟು, ಡಿಕ್ರಿ ಪೂರ್ಣ ತೀರಿದೆ ಎಂದು ಒಪ್ಪಿದ್ದೇವೆ’ ಅಂತ ಅವರ ಬಾಯಲ್ಲಿ ಬರಬೇಕು. ಬರೀ ‘ಬಾಕಿ ಇಲ್ಲ’ ಅಂದರೆ ಸಾಲದು. ದಾವೆ ನಂಬರು, ಡಿಕ್ರಿ ದಿನಾಂಕ, ಇಬ್ಬರೂ ಪ್ರತಿವಾದಿಗಳ ಹೆಸರು, ಎಲ್ಲ ಇರಬೇಕು. ಎಷ್ಟೋ ಸಲ ಸಾಲಗಾರನ ಹೆಸರಿಗೆ ಮಾತ್ರ ಪತ್ರ ಕೊಟ್ಟು ಜಾಮೀನುದಾರನನ್ನು ಬಿಟ್ಟುಬಿಡುತ್ತಾರೆ.

ಅಳಿಯ: ಶಾಖೆಯಲ್ಲಿ ಆಗಿನ ಮ್ಯಾನೇಜರ್ ಈಗ ಯಾರೂ ಇಲ್ಲ.

ಅತ್ತೆ: ಇರಲ್ಲ. ಮೂರು ವರ್ಷಕ್ಕೊಮ್ಮೆ ವರ್ಗ ಆಗೋ ಜನ. ನೀನು ಹೋಗಬೇಕಾದ್ದು ವಲಯ ಕಚೇರಿಯ ರಿಕವರಿ ವಿಭಾಗಕ್ಕೆ. ಹೇಗೂ ಆ ಬ್ಯಾಂಕು ಅದೇ ಹೆಸರಿನಲ್ಲಿ ಇನ್ನೂ ಇದೆ, ಅಷ್ಟು ಸಲೀಸು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್, ಕಾರ್ಪೊರೇಷನ್. ನಮ್ಮ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು ಒಂದೊಂದಾಗಿ ಇನ್ನೊಂದರೊಳಗೆ ಸೇರಿಹೋದವು. ಅಂಥಲ್ಲಿ ಹಳೇ ಡಿಕ್ರಿ ಇದ್ದವರು ಈಗಿನ ಹೆಸರಿನ ಬ್ಯಾಂಕಿನಿಂದಲೇ ಪತ್ರ ತರಬೇಕು. ಸಾಲವನ್ನು ಯಾವುದಾದರೂ ಎ.ಆರ್.ಸಿ.ಗೆ, ಅಂದರೆ ಕೆಟ್ಟ ಸಾಲ ಕೊಳ್ಳೋ ಕಂಪನಿಗೆ, ಮಾರಿಬಿಟ್ಟಿದ್ದರಂತೂ ಬ್ಯಾಂಕಿನವರು ಕೈ ಎತ್ತುತ್ತಾರೆ, ಆಗ ಆ ಕಂಪನಿಯ ಒಪ್ಪಿಗೆಯೇ ಬೇಕು.

ಅಳಿಯ: ಮೆಮೊ ಹಾಕೋಕೆ ಅವರ ವಕೀಲರು ಮನಸ್ಸು ಮಾಡಬೇಕಲ್ಲ. ಅವರಿಗೇನು ಲಾಭ?

ಅತ್ತೆ: ಏನೂ ಇಲ್ಲ. ಅದಕ್ಕೇ ವರ್ಷಗಟ್ಟಲೆ ಬಿದ್ದಿರೋದು. ಹಣ ಬಂದ ಮೇಲೆ ಆ ಫೈಲಿನ ಮೇಲೆ ಯಾರಿಗೂ ಆಸಕ್ತಿ ಇರಲ್ಲ. ನೀನೇ ಒಬ್ಬ ವಕೀಲರನ್ನು ಇಟ್ಟುಕೋ, ವಕಾಲತ್ತು ಕೊಡು, ಮೆಮೊ ಕರಡು ಅವರೇ ಟೈಪ್ ಮಾಡಿಸಿ ಬ್ಯಾಂಕಿನ ವಕೀಲರ ಮುಂದೆ ಇಡಲಿ. ಸಹಿ ಮಾತ್ರ ಕೇಳು. ಇದಕ್ಕೂ ಜಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಮುಂದಿನ ಲೋಕ ಅದಾಲತ್ತಿಗೆ ಇಡಿಸು. ಅಲ್ಲಿಗೆ ಬ್ಯಾಂಕಿನ ಅಧಿಕಾರಿಗಳೇ ಬಂದು ಕೂತಿರುತ್ತಾರೆ, ಅವತ್ತು ಎಷ್ಟು ಫೈಲು ಮುಗಿಸಿದೆವು ಅಂತ ಅವರಿಗೂ ಲೆಕ್ಕ ಕೊಡಬೇಕಿರುತ್ತೆ.

ಅಳಿಯ: ಕೋರ್ಟಿನ ಆದೇಶ ಸಿಕ್ಕಿತು ಅಂತಿಟ್ಟುಕೊಳ್ಳಿ. ಆಮೇಲೆ?

ಅತ್ತೆ: ಆದೇಶದ ಕಾಪಿ ಲಗತ್ತಿಸಿ ಬ್ಯಾಂಕಿಗೆ ಬರೆ, ದಾವೆಯ ಗುರುತು ತೆಗೆದು ಎಲ್ಲ ಬ್ಯೂರೋಗಳಿಗೂ ತಿಳಿಸಿ ಅಂತ. ಎಲ್ಲ ಅಂದರೆ ನಾಲ್ಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಜನ ಸಿಬಿಲ್ ಒಂದನ್ನೇ ನೋಡಿ ಸುಮ್ಮನಾಗುತ್ತಾರೆ, ಮನೆ ಸಾಲ ಕೊಡೋರು ಬೇರೆಯದನ್ನು ತೆಗೆದು ನೋಡುತ್ತಾರೆ. ನಾಲ್ಕೂ ಕಡೆ ವರ್ಷಕ್ಕೊಂದು ಪೂರ್ಣ ರಿಪೋರ್ಟ್ ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ಆದೇಶ ಇದೆ. ಜತೆಗೆ ನೀನೂ ತಕರಾರು ಹಾಕು. 2024ರ ಏಪ್ರಿಲ್ 26ರಿಂದ, 30 ದಿನದೊಳಗೆ ದೂರು ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ನಿನಗೆ ಪರಿಹಾರ ಕೊಡಬೇಕು. ನೂರು ರೂಪಾಯಿ ದೊಡ್ಡದಲ್ಲ, ಆದರೆ ತಡ ಮಾಡಿದ್ದು ಯಾರು ಅನ್ನೋದು ಬರಹದಲ್ಲಿ ಬರುತ್ತಲ್ಲ, ಅದಕ್ಕೆ ಬ್ಯಾಂಕಿನವರು ಅಂಜುತ್ತಾರೆ. ಆಗಲೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. 2022ರ ಸೆಪ್ಟೆಂಬರಿನಿಂದ ಬ್ಯೂರೋಗಳೂ ಅವರ ವ್ಯಾಪ್ತಿಗೆ ಬಂದಿವೆ. ಶುಲ್ಕ ಇಲ್ಲ.

ಅಳಿಯ: ‘ಸೆಟಲ್ಡ್’ ಅನ್ನೋದೂ ಹೋಗುತ್ತಾ?

ಅತ್ತೆ: ಹೋಗಲ್ಲ. ಅದು ಸುಳ್ಳಲ್ಲವಲ್ಲ. ಬ್ಯಾಂಕು ಒಂದಷ್ಟು ಕಳೆದುಕೊಂಡು ಒಪ್ಪಿದ್ದು ನಿಜ. ತಪ್ಪನ್ನು ತಿದ್ದಿಸಬಹುದು, ನಿಜವನ್ನು ತಿದ್ದಿಸೋಕಾಗಲ್ಲ. ಕೆಲವು ಬ್ಯಾಂಕುಗಳು, ಮನ್ನಾ ಮಾಡಿದ್ದನ್ನೂ ಕಟ್ಟಿದರೆ ‘ಕ್ಲೋಸ್ಡ್’ ಅಂತ ಬದಲಾಯಿಸಿಕೊಡುತ್ತವೆ. ಹಕ್ಕಲ್ಲ ಅದು, ಮಾತುಕತೆ.

ಅಳಿಯ: ಅದು ಒಂದು ಲಕ್ಷ ಎಂಬತ್ತು ಸಾವಿರ. ಕಟ್ಟಲಾ?

ಅತ್ತೆ: ಮೊದಲು ಕೋರ್ಟಿನ ಆದೇಶ ಹಿಡಿದು ಎರಡು ಮೂರು ಕಡೆ ಮನೆ ಸಾಲ ವಿಚಾರಿಸು. ಜಾಮೀನುದಾರನ ಖಾತೆ, ಒಟಿಎಸ್ ಆಗಿ ಇಷ್ಟು ವರ್ಷ ಆಗಿದೆ, ಡಿಕ್ರಿ ತೀರಿದೆ, ನಿನ್ನ ಸ್ವಂತ ಸಾಲಗಳ ಕಂತು ಒಂದೂ ತಪ್ಪಿಲ್ಲ. ಇಷ್ಟನ್ನು ಅರ್ಜಿಯಲ್ಲೇ ಬರೆದುಕೊಡು, ಮುಚ್ಚಿಡಬೇಡ. ಒಪ್ಪೋರು ಸಿಗುತ್ತಾರೆ ಅನ್ನಿಸುತ್ತೆ ನನಗೆ. ಯಾರೂ ಒಪ್ಪದಿದ್ದರೆ ಆಗ ಆ ದುಡ್ಡಿನ ಮಾತು. ಕಟ್ಟಿದರೂ ‘ಕ್ಲೋಸ್ಡ್ ಮಾಡಿಕೊಡುತ್ತೇವೆ’ ಅಂತ ಮೊದಲೇ ಬರಹದಲ್ಲಿ ತೆಗೆದುಕೊಂಡೇ ಕಟ್ಟು. ಆ ಹಣವನ್ನು ನಿನ್ನ ಗೆಳೆಯನಿಂದ ಕೇಳೋ ಆಸೆ ಇಟ್ಟುಕೊಳ್ಳಬೇಡ, ಮುಗಿದ ಸಾಲಕ್ಕೆ ನೀನಾಗಿ ಕಟ್ಟಿದ್ದು ಅಂತಾನೆ.

ಅಳಿಯ: 2019ರಲ್ಲಿ ಕೊಟ್ಟ ಒಂದೂವರೆ ಲಕ್ಷ?

ಅತ್ತೆ: ಜಾಮೀನಿನ ಮೇಲೆ ನ್ಯಾಯವಾಗಿ ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡೋ ಹಕ್ಕು ಕರಾರು ಕಾಯಿದೆಯ 145ನೇ ಕಲಮಿನಲ್ಲಿದೆ. ಕಟ್ಟಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕಿತ್ತು. ಆ ಗಡುವು ಯಾವತ್ತೋ ದಾಟಿತು. ಈಗ ಅವನ ಮನಸ್ಸಾಕ್ಷಿಯನ್ನು ಕೇಳಬೇಕು, ಕೋರ್ಟನ್ನಲ್ಲ.

ಅಳಿಯ: ಬಿಲ್ಡರ್ ಈ ವಾರವೇ ಐದು ಲಕ್ಷ ಅಡ್ವಾನ್ಸ್ ಕೇಳುತ್ತಿದ್ದಾನೆ. ಬೇರೆ ಪಾರ್ಟಿ ಇದ್ದಾರಂತೆ.

ಅತ್ತೆ: ಬೇರೆ ಪಾರ್ಟಿ ಯಾವಾಗಲೂ ಇರುತ್ತಾರೆ. ಲೋನ್ ಮಂಜೂರಾಗದೆ ಕರಾರಿಗೆ ಸಹಿ ಹಾಕಿದರೆ, ಗಡುವಿನಲ್ಲಿ ಉಳಿದ ಹಣ ಕಟ್ಟಲಿಲ್ಲ ಅಂತ ಅಡ್ವಾನ್ಸಿಗೇ ಕತ್ತರಿ ಹಾಕುತ್ತಾನೆ. ಕೊಡಲೇಬೇಕು ಅಂದರೆ, ಸಾಲ ಸಿಗದಿದ್ದರೆ ಪೂರ್ತಿ ವಾಪಸ್ ಅನ್ನೋ ಷರತ್ತು ಬರೆಸಿ ಕೊಡು. ಒಪ್ಪದಿದ್ದರೆ ಆ ಫ್ಲ್ಯಾಟ್ ಬಿಡು, ಬೆಂಗಳೂರಿನಲ್ಲಿ ಫ್ಲ್ಯಾಟಿಗೆ ಬರವಿಲ್ಲ. ಅಂದಹಾಗೆ, ಇನ್ನೆಲ್ಲೂ ಸಹಿ ಹಾಕಿಲ್ಲ ತಾನೇ?

ಅಳಿಯ: ಬ್ಯಾಂಕಿನಲ್ಲಿ ಇಲ್ಲ… ಊರಿನ ಸೊಸೈಟಿಯಲ್ಲಿ, ಚಿಕ್ಕಪ್ಪನ ಸಾಲಕ್ಕೆ ಒಂದು. ಆದರೆ ಇ-ಕೋರ್ಟ್ಸ್‌ನಲ್ಲಿ ನನ್ನ ಹೆಸರು ಹಾಕಿ ಹುಡುಕಿದೆ ಈಗ, ಅದು ಬಂದಿಲ್ಲ. ಅಂದರೆ ಕೇಸಿಲ್ಲ.

ಅತ್ತೆ: ಬರಲ್ಲ ಕಣೋ. ಸಹಕಾರ ಸಂಘದ ಸಾಲದ ವ್ಯಾಜ್ಯ ಸಿವಿಲ್ ಕೋರ್ಟಿಗೆ ಬರೋದೇ ಇಲ್ಲ, 1959ರ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮಿನಲ್ಲಿ ರಿಜಿಸ್ಟ್ರಾರ್ ಮುಂದೆ ಹೋಗುತ್ತೆ. ಅಲ್ಲಿ ಆದ ತೀರ್ಪನ್ನೂ ಡಿಕ್ರಿಯ ಹಾಗೇ ಜಾರಿ ಮಾಡಿಸಬಹುದು. ಸೋಮವಾರ ಕಾಪಿ ಅರ್ಜಿ ಕೊಟ್ಟು, ಹಾಗೇ ಊರಿಗೆ ಹೋಗಿ ಸೊಸೈಟಿ ಸೆಕ್ರೆಟರಿಯಿಂದ ಆ ಖಾತೆಯ ಬಾಕಿ ಪಟ್ಟಿ ಬರೆಸಿಕೊಂಡು ಬಾ. ಸೀಲು ಹಾಕಿಸೋದು ಮರೆಯಬೇಡ.